ಬುಡಕ್ಕೆ ಬಿದ್ದ ಅಚ್ಚು

ಬೆಳಿಗ್ಗೆ ಮುಖ ತೊಳೆದ ಮೇಲೆ, ಚಹಾಕ್ಕೆ ಮೊದಲು, ಅಳತೆಯವರು ಒಂದೇ ಒಂದು ಏಟು ಹೊಡೆಯುತ್ತಿದ್ದರು. ಹಿತ್ತಿಲ ಬಾಗಿಲ ಪಕ್ಕದಲ್ಲಿ ಮೊಣಕಾಲೆತ್ತರದ ಮರದ ಕೊರಡೊಂದು ಇತ್ತು. ಚೀಲದಿಂದ ಸುತ್ತಿಗೆ ತೆಗೆದು, ಅದರ ಮುಖದ ಎಣ್ಣೆಯನ್ನು ಹಳೆ ಬಟ್ಟೆಯಲ್ಲಿ ಒರೆಸಿ, ಕೊರಡಿನ ಮೇಲೆ ಹೊಡೆದು, ಬಗ್ಗಿ ನೋಡುವರು. ಒಂದು ವೃತ್ತ, ವೃತ್ತದೊಳಗೆ ಎರಡು ಅಕ್ಷರ, ಅದರ ಕೆಳಗೆ ಹದಿನೇಳು ಎಂಬ ಅಂಕಿ. ಅಕ್ಷರದ ಅಂಚು ಎಲ್ಲಿಯೂ ಮಾಸದೆ ಮೂಡಿದ್ದರೆ ಮತ್ತೆ ಎಣ್ಣೆ ಸವರಿ ಸುತ್ತಿಗೆಯನ್ನು ಚೀಲಕ್ಕೆ ಇಡುವರು. ಆಮೇಲೆ ಚಹಾ.

ಅವರ ಮನೆಗೂ ನಮ್ಮ ಮನೆಗೂ ನಡುವೆ ಒಂದೇ ಗೋಡೆ. ಆ ಟಕ್ ಎಂಬ ಸದ್ದು ಕೇಳಿದ ಮೇಲೆಯೇ ನಾನು ಪ್ರಾರ್ಥನೆಗೆ ಕೂರುತ್ತಿದ್ದದ್ದು. ಗಡಿಯಾರ ತಪ್ಪಿದರೂ ಅವರ ಏಟು ತಪ್ಪುತ್ತಿರಲಿಲ್ಲ.

ಕೊರಡಿನ ತುಂಬ ಅಚ್ಚು ಬಿದ್ದು ಜಾಗ ಮುಗಿದಾಗ ಹೊಸ ಕೊರಡು ಬರುತ್ತಿತ್ತು. ಹಳೆಯದು ಮನೆಯೊಳಗೆ ಹೋಗುತ್ತಿತ್ತು. ಹೀಗೆ ಮೂವತ್ತೊಂದು ವರ್ಷದಲ್ಲಿ ಆ ಮನೆಯಲ್ಲಿ ಕೊಂಡು ತಂದ ಕುರ್ಚಿಗಿಂತ ಕೊರಡೇ ಹೆಚ್ಚಾಗಿತ್ತು. ಒಂದರ ಮೇಲೆ ನೀರಿನ ಕೊಡ, ಒಂದು ಹೊಲಿಗೆ ಯಂತ್ರ ತುಳಿಯುವಾಗ ಕೂರಲು, ಒಂದು ಬಂದವರಿಗೆ. ಅವರ ಹೆಂಡತಿ ತರಕಾರಿ ಹೆಚ್ಚುವುದೂ ಒಂದು ಕೊರಡಿನ ಮೇಲೆ ಕೂತೇ. "ಮನೆ ತುಂಬಾ ಅಚ್ಚು ಹೊಡೆದಿಟ್ಟಿದ್ದಾರೆ. ನನ್ನ ಹಣೆ ಒಂದು ಬಾಕಿ," ಎಂದು ಅವರು ಬಂದವರಿಗೆಲ್ಲ ಹೇಳುತ್ತಿದ್ದರು. "ನಿನ್ನನ್ನ ಅಳೆದವರು ಯಾರು, ಹೊಡೆಯೋಕೆ?" ಎಂದು ಇವರು. ಈ ಮಾತು ನಾನು ನೂರು ಸಲ ಕೇಳಿದ್ದೇನೆ. ನೂರು ಸಲವೂ ಇಬ್ಬರೂ ಹೊಸದಾಗಿ ನಗುತ್ತಿದ್ದರು.

ಅವರ ಕೆಲಸ ಇಷ್ಟು. ಮರ ಕಡಿದ ಮೇಲೆ ದಿಮ್ಮಿಯ ಉದ್ದ ಮತ್ತು ಸುತ್ತಳತೆ ಹಿಡಿಯುವುದು, ಒಳಗೆ ಪೊಳ್ಳಿದೆಯೇ ಬಿರುಕಿದೆಯೇ ನೋಡುವುದು, ಎಲ್ಲ ಬರೆದುಕೊಂಡ ಮೇಲೆ ಕೊಯ್ದ ಮುಖದ ನಟ್ಟನಡುವೆ ಅಚ್ಚು ಹೊಡೆಯುವುದು. ಅಚ್ಚಿಲ್ಲದ ದಿಮ್ಮಿಯನ್ನು ಯಾವ ಸಾಮಿಲ್ಲೂ ಗೇಟಿನೊಳಗೆ ಬಿಡುವುದಿಲ್ಲ. ಅಚ್ಚು ಬಿದ್ದ ಮೇಲೆ ಮಾರುವವನೂ ಕೊಳ್ಳುವವನೂ ತುಟಿ ಬಿಚ್ಚುವಂತಿಲ್ಲ. ಸುತ್ತಿಗೆಗೆ ಸರ್ಕಾರದ ಲೈಸೆನ್ಸು, ಹದಿನೇಳು ಅವರ ನಂಬರು. ಸಂಬಳವಿಲ್ಲ, ಅಳೆದಷ್ಟಕ್ಕೆ ಕೂಲಿ. ಓದಿದ್ದು ಏಳನೆಯ ತರಗತಿ. ಆದರೆ ದಿಮ್ಮಿಯ ಮೇಲೆ ಬೆರಳ ಗೆಣ್ಣಿನಿಂದ ಬಡಿದು ಕಿವಿಗೊಟ್ಟರೆ ಒಳಗೆ ಎಷ್ಟು ದೂರಕ್ಕೆ ಪೊಳ್ಳಿದೆ ಎಂದು ಹೇಳಬಲ್ಲರು. ಕೊಯ್ದ ಮೇಲೆ ನೋಡಿದರೆ ಗೇಣು ಹೆಚ್ಚುಕಡಿಮೆ ಅಷ್ಟೇ ಇರುತ್ತಿತ್ತು.

ಹಾಗಿರುವಾಗ ಆ ಬಿರುಗಾಳಿ ಬಂತು. ಮಧ್ಯಾಹ್ನ ಊಟದ ಹೊತ್ತಿಗೆ ಶುರುವಾಗಿ ಒಂದೂವರೆ ಗಂಟೆ ಬೀಸಿತು. ಕೆಳಗಿನ ಬಯಲಿನಲ್ಲಿ ಹೊಲಗಳು ಚಾಪೆ ಹಾಸಿದಂತೆ ಮಲಗಿದವು. ಮೇಲಿನ ಇಳಿಜಾರಿನಲ್ಲಿ ಸಣ್ಣಪುಟ್ಟ ಒಡೆಯರ ಮರದ ತೋಪುಗಳಿದ್ದವು, ಒಬ್ಬೊಬ್ಬರದು ನಾಲ್ಕೆಕರೆ, ಐದೆಕರೆ. ಅಲ್ಲಿ ಮರಗಳು ಮುರಿಯಲಿಲ್ಲ, ಬುಡಸಮೇತ ಎದ್ದು ಬಂದವು. ಬೇರಿನ ಜೊತೆ ಎದ್ದ ಮಣ್ಣಿನ ಹೆಂಟೆಗಳು ಮನೆಯ ಗೋಡೆಯಷ್ಟು ಎತ್ತರ ನಿಂತಿದ್ದವು. ಬೇರು ಒಬ್ಬರ ಜಾಗದಲ್ಲಿ, ತಲೆ ಇನ್ನೊಬ್ಬರ ಜಾಗದಲ್ಲಿ. ಒಂದರ ಮೇಲೊಂದು ಬಿದ್ದ ರಾಶಿಯಲ್ಲಿ ಯಾವುದು ಯಾರದು ಎಂದು ಹೇಳುವುದೇ ಕಷ್ಟ.

ಎರಡನೆಯ ದಿನವೇ ಎಲ್ಲಿಂದಲೋ ಲಾರಿಗಳು ಬಂದವು. ಬಿದ್ದ ಮರ ಯಾರದೂ ಅಲ್ಲ ಎಂಬಂತೆ ಲಾರಿಯವರು ಕೊಯ್ದು ತುಂಬಿಕೊಂಡು ಹೋಗತೊಡಗಿದರು. ಬೇರೆ ಊರಿನಲ್ಲಿ ಬೇರೆ ನಂಬರಿನ ಅಚ್ಚು ಹೊಡೆಸಿ ಮಾರಿಕೊಳ್ಳುವುದು ಅವರ ಲೆಕ್ಕ. ಅಕ್ಕಪಕ್ಕದ ತೋಪಿನವರು ಒಬ್ಬರ ಕೊರಳಪಟ್ಟಿಗೆ ಇನ್ನೊಬ್ಬರು ಕೈ ಹಾಕುವವರೆಗೂ ಹೋಯಿತು. ಆಗ ಅಳತೆಯವರು ಸುತ್ತಿಗೆ, ಸಣ್ಣ ಕೊಡಲಿ, ನೀಲಿ ಸೀಮೆಸುಣ್ಣ ಹಿಡಿದು ಹೊರಟರು. ಒಂಬತ್ತು ದಿನ ಇಳಿಜಾರು ಹತ್ತಿ ಇಳಿದರು. ಪ್ರತಿ ಮರದ ಬೇರು ಎಲ್ಲಿ ಊರಿತ್ತೋ ನೋಡಿ, ಅದು ಯಾರ ಜಾಗವೆಂದು ಇಬ್ಬರನ್ನೂ ಎದುರಿಗೆ ನಿಲ್ಲಿಸಿ ಕೇಳಿ, ಬುಡದ ಹತ್ತಿರ ಅಂಗೈಯಗಲ ತೊಗಟೆ ಕೆತ್ತಿ ಅಲ್ಲೊಂದು ಅಚ್ಚು ಹೊಡೆದರು. ಪಕ್ಕದಲ್ಲಿ ಒಡೆಯರ ಹೆಸರಿನ ಮೊದಲ ಅಕ್ಷರ ನೀಲಿಯಲ್ಲಿ ಬರೆದರು. ಅಳೆಯುವ ಮಾತೇ ಇರಲಿಲ್ಲ, ಅರ್ಧ ಕಾಂಡ ಮಣ್ಣಿನಡಿ, ಅರ್ಧ ಬೇರೆ ಮರದಡಿ. ಅಚ್ಚು ಬಿತ್ತೆಂದರೆ ಬೇರೆಯವರು ಮತ್ತೆ ಹೊಡೆಯುವಂತಿಲ್ಲ, ಹದಿನೇಳನೆಯವರ ಅಳತೆ ಚೀಟಿ ಇಲ್ಲದೆ ಯಾವ ಸಾಮಿಲ್ಲಿನವರೂ ಅದನ್ನು ಮುಟ್ಟುವುದಿಲ್ಲ ಎಂಬುದು ಲಾರಿಯವರಿಗೂ ಗೊತ್ತಿತ್ತು. ಹತ್ತನೆಯ ದಿನಕ್ಕೆ ಕಳ್ಳತನವೂ ನಿಂತಿತು, ಜಗಳವೂ ನಿಂತಿತು. ಯಾರಿಂದಲೂ ಅವರು ಒಂದು ಕಾಸು ತೆಗೆದುಕೊಳ್ಳಲಿಲ್ಲ. ಅಂಗೈಯಲ್ಲಿ ಬೊಬ್ಬೆ ಎದ್ದು ಅನ್ನ ಕಲಸಲಾಗದೆ ಚಮಚದಲ್ಲಿ ಉಂಡರು.

ತಿಂಗಳು ಕಳೆದ ಮೇಲೆ ಸರ್ಕಾರದ ಪರಿಹಾರ ಬರುತ್ತದೆ ಎಂದಾಯಿತು. ಶಾಲೆಯ ಹಜಾರದಲ್ಲಿ ಎರಡು ಮೇಜು ಹಾಕಿದರು. ಒಂದು ಹೊಲದವರಿಗೆ, ಇನ್ನೊಂದು ಮರದವರಿಗೆ. ಅರ್ಜಿಗಳನ್ನು ಹಿಡಿದುಕೊಂಡು ತನಿಖೆಯವರು ಇಳಿಜಾರು ಹತ್ತಿದರು. ದೂರದಿಂದ ಬಂದ ಮನುಷ್ಯ, ಮರದ ವ್ಯವಹಾರ ಗೊತ್ತಿಲ್ಲ. ಆದರೆ ಕೆಲಸದಲ್ಲಿ ಮೋಸವಿಲ್ಲ. ಪ್ರತಿ ಬುಡದ ಬಳಿಯೂ ಕುಕ್ಕರುಗಾಲಲ್ಲಿ ಕೂತು ಅಚ್ಚಿನ ಫೋಟೋ ತೆಗೆದುಕೊಂಡರು. ಜನಕ್ಕೆ ಖುಷಿಯಾಯಿತು, ಎಷ್ಟು ಚೆನ್ನಾಗಿ ನೋಡುತ್ತಿದ್ದಾರೆ ಎಂದು.

ಆರು ವಾರದ ಮೇಲೆ ಕಾಗದಗಳು ಬಂದವು. ಹೊಲದವರಿಗೆ ಮಂಜೂರು. ಮರದವರಿಗೆ, ಇಪ್ಪತ್ಮೂರು ಜನಕ್ಕೂ, ಒಂದೇ ಒಕ್ಕಣೆ: ಗಾಳಿ ಬಂದಾಗ ನಿಂತಿದ್ದ ಮರಗಳ ನಷ್ಟಕ್ಕೆ ಮಾತ್ರ ಪರಿಹಾರ, ನಿಮ್ಮ ಮರಗಳು ಕಡಿದು, ಅಳತೆಯಾಗಿ, ಲೈಸೆನ್ಸುದಾರರ ಅಚ್ಚು ಬಿದ್ದ ಮಾಲು ಎಂದು ಕಂಡುಬಂದಿದೆ, ಅರ್ಜಿ ತಿರಸ್ಕರಿಸಿದೆ.

ಶಾಲೆಯ ಹಜಾರದ ಬಾಗಿಲಲ್ಲಿ ಕೋಸು ಬೆಳೆಯುವವನೊಬ್ಬ ತನ್ನ ಮಂಜೂರಿ ಕಾಗದ ಮಡಚಿ ಜೇಬಿಗಿಡುತ್ತ, "ಸದ್ಯ, ನನ್ನ ಕೋಸಿಗೆ ಯಾರೂ ಸುತ್ತಿಗೆ ಹೊಡೀಲಿಲ್ಲಪ್ಪ," ಎಂದ. ಸುತ್ತಲಿದ್ದವರು ನಕ್ಕರು. ಸಾಲಿನ ಕೊನೆಯಲ್ಲಿ ಅಳತೆಯವರು ನಿಂತಿದ್ದು ಕಂಡ ಮೇಲೆ ನಗು ನಿಂತಿತು.

ಆ ಇಪ್ಪತ್ಮೂರು ತೋಪಿನಲ್ಲಿ ಒಂದು ಅವರ ಸ್ವಂತ ತಂಗಿಯದು. ಗಂಡ ಹೆಂಡತಿ ಸೇರಿ ಇಪ್ಪತ್ತನಾಲ್ಕು ವರ್ಷದ ಹಿಂದೆ, ಬಿಂದಿಗೆಯಲ್ಲಿ ನೀರು ಹೊತ್ತು ಬೆಳೆಸಿದ್ದು. ಮುಕ್ಕಾಲು ಪಾಲು ಬಿದ್ದಿತ್ತು, ಕಾಲು ಪಾಲು ನಿಂತಿತ್ತು. ಬಿದ್ದ ಮರಕ್ಕೆ ತೊಗಟೆಯಡಿ ಹುಳ ಹತ್ತುತ್ತದೆ. ಬೇಗ ತೆಗೆಸದಿದ್ದರೆ ಅದೇ ಹುಳ ನಿಂತ ಮರಕ್ಕೂ ಹೋಗುತ್ತದೆ. ತೆಗೆಸಲು ಯಂತ್ರ ಬೇಕು. ಯಂತ್ರ ಕರೆಸಲು ಆ ಪರಿಹಾರವೇ ಬೇಕಿತ್ತು. ಇಪ್ಪತ್ಮೂರು ಮನೆಯ ಕಥೆಯೂ ಇದೇ.

ತಂಗಿ ಕಾಗದ ಹಿಡಿದುಕೊಂಡು ಬಂದಾಗ ನಾನು ಅಲ್ಲೇ ಇದ್ದೆ, ಒಂದು ಕೊರಡಿನ ಮೇಲೆ. ಆಕೆ ಕೂರಲಿಲ್ಲ.

"ಅಣ್ಣ, ಎಲ್ಲರ ಮೇಲೂ ಗಾಳಿ ಒಂದೇ ಸಲ ಬಿತ್ತು. ನಮ್ಮ ಮೇಲೆ ಎರಡು ಸಲ. ಮೊದಲು ಗಾಳಿ, ಆಮೇಲೆ ನಿನ್ನ ಸುತ್ತಿಗೆ."

"ಕೊಯ್ದ ಮುಖಕ್ಕೆ ಹೊಡೆದಿದ್ರೆ ಅಳತೆ ಕಣೇ. ಬುಡಕ್ಕೆ ಹೊಡೆದದ್ದು ಬರೀ ಗುರುತಿಗೆ. ಅದನ್ನ ನೋಡಿದವರಿಗೆ ಗೊತ್ತಾಗಲ್ವಾ?"

"ನಿನಗೆ ಗೊತ್ತು. ನನಗೆ ಗೊತ್ತು. ಕಾಗದ ಬರೆದವರಿಗೆ ಗೊತ್ತಿಲ್ಲ. ನಾನು ಕೇಳಿದ್ನಾ, ಬಂದು ಹೊಡಿ ಅಂತ?"

"ನೀನೇ ಕರೆದೆ. ಮೊದಲ ದಿನವೇ ಕರೆದೆ."

ಆಕೆ ಕಾಗದ ಮಡಚಿದಳು. ನಿಜ, ಆಕೆಯೇ ಕರೆದಿದ್ದಳು. ಅತ್ತಿಗೆ ಕೊಟ್ಟ ಚಹಾ ಮುಟ್ಟದೆ ಹೋದಳು. ಲೋಟದ ಮೇಲೆ ಕೆನೆ ಕಟ್ಟುವವರೆಗೂ ಅಳತೆಯವರು ಅದನ್ನೇ ನೋಡುತ್ತಿದ್ದರು.

ಮರದವರೆಲ್ಲ ಸೇರಿ ಹಾಕಿದ ಮೇಲ್ಮನವಿ ಕೇಳಲು ಒಂದು ಸೋಮವಾರ ಒಬ್ಬ ಅಧಿಕಾರಿ ಬಂದರು. ಐವತ್ತು ದಾಟಿದ ಹೆಂಗಸು, ಕೆಮ್ಮು, ಮೇಜಿನ ಮೇಲೆ ಬಿಸಿನೀರಿನ ಫ್ಲಾಸ್ಕು. ಇಪ್ಪತ್ಮೂರು ಮನೆಯವರೂ ಹಜಾರದ ಬೆಂಚುಗಳ ಮೇಲೆ ಕೂತಿದ್ದರು. ಮಕ್ಕಳ ಬೆಂಚು, ದೊಡ್ಡವರ ಮೊಣಕಾಲು ಎದೆಗೆ ಬರುತ್ತಿತ್ತು. ಅಧಿಕಾರಿ ಅಳತೆಯವರನ್ನು ಮುಂದೆ ಕರೆದರು.

"ಹದಿನೇಳು ನಿಮ್ಮದೇನಾ?"

"ನಂದೇ ಮೇಡಂ."

"ನಾನೊಂದು ಪ್ರಶ್ನೆ ಕೇಳ್ತೀನಿ. ಈಗಲೇ ಉತ್ತರ ಹೇಳ್ಬೇಡಿ. ಅದಕ್ಕೆ ಮೊದಲು ಇದನ್ನ ಓದ್ತೀನಿ, ಕೇಳಿ." ಅವರು ನಿಯಮದ ಪುಸ್ತಕ ತೆರೆದು ಒಂದು ಸಾಲು ನಿಧಾನವಾಗಿ ಓದಿದರು. ಅಳತೆ ಮಾಡದೆ ಅಚ್ಚು ಹೊಡೆದವರ ಲೈಸೆನ್ಸು ರದ್ದಾಗುತ್ತದೆ, ಮತ್ತೆ ಕೊಡಲು ಬರುವುದಿಲ್ಲ. ಓದಿ, ಕನ್ನಡಕ ತೆಗೆದರು. "ಈ ಮರಗಳನ್ನ ನೀವು ಅಳೆದು ಹೊಡೆದಿರಾ, ಅಳೆಯದೆ ಹೊಡೆದಿರಾ? ಅಳೆದಿದ್ರೆ ಇವರ ಅರ್ಜಿ ಇಲ್ಲಿಗೆ ಮುಗೀತು. ಅಳೆದಿಲ್ಲ ಅಂತ ನಿಮ್ಮ ಕೈಯಲ್ಲೇ ಬರೆದುಕೊಟ್ರೆ ನಾನು ಇವರ ಅರ್ಜಿ ಮತ್ತೆ ತೆಗೀಬಹುದು. ಗುರುವಾರ ಬನ್ನಿ."

ಅಳೆದಿಲ್ಲ ಎಂಬುದು ಅಲ್ಲಿದ್ದ ಪ್ರತಿಯೊಬ್ಬರಿಗೂ ಗೊತ್ತಿತ್ತು. ಆದರೂ "ಹೇಳಿಬಿಡಿ" ಎಂದು ಅವರಿಗೆ ಹೇಳುವ ಬಾಯಿ ಯಾರಿಗೂ ಇರಲಿಲ್ಲ.

ಸೋಮವಾರದಿಂದ ಗುರುವಾರಕ್ಕೆ ಮೂರು ದಿನ. ಮಂಗಳವಾರ ಸಾಮಿಲ್ಲಿನ ಧಣಿ ಬಂದರು. ದೊಡ್ಡ ಹೊಟ್ಟೆ, ದೊಡ್ಡ ಮನಸ್ಸು, ರೆಪ್ಪೆಯ ಮೇಲೂ ಮರದ ಹೊಟ್ಟು. ಅಳತೆಯವರ ಜೊತೆ ಇಪ್ಪತ್ತು ವರ್ಷದ ವ್ಯವಹಾರ.

"ಸುಲಭ ಇದೆ ಅಳತೆಯವರೇ. ಆ ಒಂಬತ್ತು ದಿನ ಸುತ್ತಿಗೆ ಕಳೆದುಹೋಗಿತ್ತು ಅನ್ನಿ. ಯಾರೋ ಹೊಡೆದ್ರು, ಯಾರೋ ತಂದಿಟ್ರು. ಅವರಿಗೂ ಪರಿಹಾರ, ನಿಮಗೂ ಸುತ್ತಿಗೆ."

"ಮೂವತ್ತೊಂದು ವರ್ಷ ಕಳೀದೆ ಇದ್ದದ್ದು, ಆ ಒಂಬತ್ತು ದಿನ ಮಾತ್ರ ಕಳೆದಿತ್ತಾ?"

"ಬಿರುಗಾಳಿ ಸ್ವಾಮಿ! ಮರವೇ ಹಾರಿತ್ತು, ಸುತ್ತಿಗೆ ಯಾವ ಲೆಕ್ಕ?"

ಅಳತೆಯವರು ನಕ್ಕರು. ಆಮೇಲೆ ಹೇಳಿದರು, "ಇಪ್ಪತ್ಮೂರು ಮನೆಯವರೂ ನನ್ನ ಎದುರು ನಿಂತು ಹೊಡೆಸಿಕೊಂಡಿದ್ದಾರೆ. ನಾನೊಬ್ಬ ಸುಳ್ಳು ಹೇಳಿದ್ರೆ ಅವರೆಲ್ಲರೂ ಹೇಳ್ಬೇಕಾಗುತ್ತೆ. ಕದ್ದವರು ಯಾರು ಅಂತ ಪೊಲೀಸರು ಕೇಳಿದಾಗ ಯಾವ ಲಾರಿ ಡ್ರೈವರನ್ನ ತೋರಿಸಲಿ?"

ಧಣಿ ಎದ್ದು ಹೋದರು. ಹೋಗುವಾಗ ಬಾಗಿಲಲ್ಲಿ ನಿಂತು, "ಇಂಥವರ ಜೊತೆ ಬಾಳೋದು ಹೇಗಮ್ಮ?" ಎಂದು ಹೆಂಡತಿಯನ್ನು ಕೇಳಿದರು. ಆಕೆ, "ಕೊರಡಿನ ಮೇಲೆ ಕೂತ್ಕೊಂಡು," ಎಂದರು.

ಬುಧವಾರ ಮಧ್ಯಾಹ್ನ ಗೋಡೆಯಾಚೆಯ ಮಾತು ನನಗೆ ಕೇಳಿಸಿತು. ಕೇಳಬಾರದಾಗಿತ್ತು, ಕೇಳಿದೆ.

"ಏನು ಬರೀತೀರಿ?"

"ಗೊತ್ತಿಲ್ಲ."

"ಸುಳ್ಳು ಹೇಳ್ಬೇಡಿ. ಗೊತ್ತಿದೆ ನಿಮಗೆ. ನನಗೆ ಹೇಳೋಕೆ ಹೆದರ್ತಿದೀರಿ."

ಕೊರಡೊಂದು ನೆಲದ ಮೇಲೆ ಸರಿದ ಸದ್ದಾಯಿತು. ಆಮೇಲೆ ಅವರು, "ಅದು ಬಿಟ್ರೆ ನನಗೆ ಇನ್ನೇನು ಬರುತ್ತೆ ಹೇಳು," ಎಂದರು. ದನಿ ಸಣ್ಣ ಮಗುವಿನದಾಗಿತ್ತು. ತರಕಾರಿ ಹೆಚ್ಚುವ ಸದ್ದು ಮಾತ್ರ ಬಂತು, ನಿಂತು ನಿಂತು. ಅಂದು ಸಂಜೆ ನನ್ನ ಪ್ರಾರ್ಥನೆಯಲ್ಲಿ ಏನು ಕೇಳಬೇಕೆಂದು ನನಗೂ ತಿಳಿಯಲಿಲ್ಲ. ಇಬ್ಬರ ಹೆಸರು ಹೇಳಿ ಎದ್ದೆ.

ಗುರುವಾರ ಅವರು ಬಿಳಿ ಅಂಗಿ ಹಾಕಿಕೊಂಡು ಹೋದರು. ಅಧಿಕಾರಿ ಕೊಟ್ಟ ಕಾಗದದ ಮೇಲೆ ದಪ್ಪ ಅಕ್ಷರದಲ್ಲಿ ನಾಲ್ಕು ಸಾಲು ಬರೆದರು. ಮರಗಳನ್ನು ನಾನು ಅಳೆದಿಲ್ಲ. ಗುರುತಿಗಾಗಿ ಬುಡಕ್ಕೆ ಹೊಡೆದೆ. ನಿಯಮ ನನಗೆ ಗೊತ್ತಿತ್ತು. ಇದರಲ್ಲಿ ಮರದವರ ತಪ್ಪಿಲ್ಲ.

ಅಧಿಕಾರಿ ಓದಿ, "ನಿಯಮ ಗೊತ್ತಿತ್ತು ಅನ್ನೋ ಸಾಲು ಬೇಕಾ? ಗೊತ್ತಿರಲಿಲ್ಲ ಅಂತ ಬರೆದ್ರೆ ನಾನು ಏನಾದ್ರೂ..." ಎಂದು ಮಾತು ನಿಲ್ಲಿಸಿದರು.

"ಗೊತ್ತಿತ್ತು ಮೇಡಂ. ಮೊದಲ ಮರಕ್ಕೆ ಹೊಡೆಯುವಾಗ ನೆನಪೂ ಆಯ್ತು. ಲಾರಿ ಬರ್ತಿತ್ತು, ಹೊಡೆದುಬಿಟ್ಟೆ."

ಎರಡು ವಾರದ ಮೇಲೆ, ಲೈಸೆನ್ಸು ರದ್ದಾಗಿದೆ, ಕಚೇರಿಗೆ ಬಂದು ಸುತ್ತಿಗೆಯ ಮುಖ ಅಳಿಸಬೇಕು ಎಂದು ಆದೇಶ ಬಂತು. ಹೋಗಬೇಕಾದ ದಿನ ಬೆಳಿಗ್ಗೆಯೂ ಟಕ್ ಎಂದಿತು. ಒರೆಸಿ, ಎಣ್ಣೆ ಸವರಿ, ಚೀಲಕ್ಕಿಟ್ಟು, ಚಹಾ ಕುಡಿದು ಹೊರಟರು. ಒಬ್ಬರೇ ಹೋಗುವುದು ಬೇಡವೆಂದು ಹೆಂಡತಿ ನನ್ನನ್ನೂ ಕರೆದುಕೊಂಡು ಹಿಂದೆ ನಡೆದರು. ಕಚೇರಿಯ ಹಿಂಬದಿಯಲ್ಲಿ ಸೈಕಲ್ ನಿಲ್ಲಿಸುವ ತಗಡಿನ ಮಾಡು. ಅಲ್ಲಿ ಜವಾನ ಗ್ರೈಂಡರಿನ ವೈರು ಸಿಕ್ಕಿಸಿಕೊಂಡು ಕಾಯುತ್ತಿದ್ದ. ಸುತ್ತಿಗೆಯನ್ನು ಕೈಗೆ ತೆಗೆದುಕೊಂಡು, "ಎಷ್ಟು ಚೆನ್ನಾಗಿ ಇಟ್ಟಿದ್ದೀರಿ ಸರ್," ಎಂದ. ಆಮೇಲೆ ಹಾಗೆ ಅಂದದ್ದಕ್ಕೆ ತಾನೇ ನಾಚಿಕೊಂಡ.

ಕಿಡಿ ಹಾರಿತು. ಎಣ್ಣೆ ಸುಟ್ಟ ವಾಸನೆ ಬಂತು. ಮೊದಲು ವೃತ್ತ ಹೋಯಿತು, ಆಮೇಲೆ ಅಕ್ಷರಗಳು. ಹದಿನೇಳರ ಏಳು ಆಳವಾಗಿ ಕೊರೆದದ್ದಾಗಿತ್ತು, ಬೇಗ ಹೋಗಲಿಲ್ಲ. ಅಳತೆಯವರು, "ಸ್ವಲ್ಪ ಓರೆ ಹಿಡಿಯಪ್ಪ, ಹೋಗುತ್ತೆ," ಎಂದು ತೋರಿಸಿಕೊಟ್ಟರು. ಬೋಳಾದ ಸುತ್ತಿಗೆಯನ್ನು ಜವಾನ ವಾಪಸು ಕೊಟ್ಟ. ಹಿಡಿ ಅವರ ಸ್ವಂತದ್ದು, ಅದನ್ನು ಇಟ್ಟುಕೊಳ್ಳುವಂತಿಲ್ಲ ಎಂದು ನಿಯಮದಲ್ಲಿ ಇರಲಿಲ್ಲ. ಮುಖ ಇನ್ನೂ ಬಿಸಿಯಿತ್ತು. ಬಟ್ಟೆಯಲ್ಲಿ ಸುತ್ತಿ ಹಿಡಿದುಕೊಂಡು ಮನೆಗೆ ಬಂದರು.

ಪರಿಹಾರ ಬಂತು. ಇಪ್ಪತ್ಮೂರು ಮನೆಗೂ ಬಂತು, ಐದು ತಿಂಗಳು ತಡವಾಗಿ. ಯಂತ್ರ ಇಳಿಜಾರು ಹತ್ತುವ ಹೊತ್ತಿಗೆ ಹುಳ ತನ್ನ ಕೆಲಸ ಮುಗಿಸಿತ್ತು. ತಂಗಿಯ ತೋಪಿನಲ್ಲಿ ನಿಂತಿದ್ದ ಕಾಲು ಪಾಲನ್ನೂ ಕಡಿಸಬೇಕಾಯಿತು. ಕೊನೆಯ ಮರ ಬಿದ್ದ ದಿನ ಅಳತೆಯವರು ಅಲ್ಲಿಗೆ ಹೋಗಿದ್ದರು. ಅಣ್ಣ ತಂಗಿ ಬುಡದ ಮೇಲೆ ಕೂತು ರೊಟ್ಟಿ ತಿಂದರು. ಹೊಸ ಸಸಿ ತರಿಸಿದ್ದೇನೆ ಎಂದು ಆಕೆ ಹೇಳಿದಳಂತೆ. ಅವು ದಪ್ಪವಾಗುವ ಹೊತ್ತಿಗೆ ಇಬ್ಬರೂ ಇರುವುದಿಲ್ಲ ಎಂಬುದನ್ನು ಇಬ್ಬರೂ ಹೇಳಲಿಲ್ಲವಂತೆ.

ಕೃತಜ್ಞತೆ ನಾವು ಎಣಿಸಿದ ಹಾಗೆ ಬರುವುದಿಲ್ಲ. ಚಹಾದ ಅಂಗಡಿಯಲ್ಲಿ ಒಬ್ಬ, ಇವರಿಗೆ ಕೇಳುವಂತೆಯೇ, "ಆ ಅಚ್ಚು ಹೊಡೀದೇ ಇದ್ದಿದ್ರೆ ಐದು ತಿಂಗಳು ಮೊದಲೇ ಕೈ ಸೇರ್ತಿತ್ತು," ಎಂದ. ನಿಂತ ಮರವೂ ಉಳಿಯುತ್ತಿತ್ತು ಎಂದ. ಅಳತೆಯವರು ಲೋಟ ಕೆಳಗಿಟ್ಟು, "ಹೌದು ಕಣಪ್ಪ, ಸೇರ್ತಿತ್ತು," ಎಂದು ಹೇಳಿ ಎದ್ದು ಬಂದರು. ಅಚ್ಚಿಲ್ಲದಿದ್ದರೆ ಅವನ ಅರ್ಧ ಮರ ಲಾರಿಯಲ್ಲಿ ಹೋಗುತ್ತಿತ್ತು ಎಂದು ನೆನಪಿಸಲಿಲ್ಲ.

ಗೋಡೆಯಾಚೆ ಬೆಳಗಿನ ಸದ್ದು ನಿಂತಿತು. ನಾನು ಗಡಿಯಾರ ನೋಡಿ ಏಳುವುದನ್ನು ಕಲಿತೆ. ಮುಖ ತೊಳೆದ ಮೇಲೆ ಅವರು ಈಗಲೂ ಹಿತ್ತಿಲ ಬಾಗಿಲಿಗೆ ಹೋಗುತ್ತಾರೆ, ಕೊರಡಿನ ಮೇಲೆ ಅಂಗೈಯಿಟ್ಟು ಸ್ವಲ್ಪ ಹೊತ್ತು ನಿಲ್ಲುತ್ತಾರೆ, ಆಮೇಲೆ ಚಹಾ ಎಂದು ಹೆಂಡತಿ ಹೇಳಿದರು. ಆ ಕೊರಡಿನಲ್ಲಿ ಇನ್ನೂ ಮುಕ್ಕಾಲು ಜಾಗ ಖಾಲಿಯಿತ್ತು.

ಮನೆ ಬಡವಾಗುತ್ತ ಹೋಯಿತು. ಹೊಲಿಗೆ ಯಂತ್ರ ಹಗಲೆಲ್ಲ ಓಡತೊಡಗಿತು. ಅಳತೆಯವರು ಗುಂಡಿ ಹೊಲಿಯುವುದನ್ನು ಕಲಿತರು. ದಪ್ಪ ಬೆರಳು, ಸೂಜಿ ಜಾರುತ್ತಿತ್ತು. "ನಡುವೆ ಸರಿಯಾಗಿ ಕೂರಿಸ್ತಾರೆ, ಅದೊಂದು ಹೇಳ್ಬೇಕು," ಎಂದು ಹೆಂಡತಿ ನನಗೆ ಒಂದು ಅಂಗಿ ತೋರಿಸಿದರು. ಅಂದು ಇಬ್ಬರೂ ನಗಲಿಲ್ಲ.

ಹೀಗೆ ಎಂಟು ತಿಂಗಳಾದ ಮೇಲೆ ಸಾಮಿಲ್ಲಿನ ಧಣಿ ಮತ್ತೆ ಬಂದರು. ಚೀಲದಿಂದ ಒಂದು ಹೊಸ ಸುತ್ತಿಗೆ ತೆಗೆದು ಮೇಜಿಲ್ಲದ ಆ ಮನೆಯಲ್ಲಿ ಕೊರಡೊಂದರ ಮೇಲೆ ಇಟ್ಟರು.

"ಅಳಿಯನಿಗೆ ಲೈಸೆನ್ಸು ಸಿಕ್ತು. ನಂಬರು ಮೂವತ್ತೆರಡು. ಅವನಿಗೆ ದಿಮ್ಮಿ ಯಾವುದು, ದಿಂಬು ಯಾವುದು ಗೊತ್ತಾಗಲ್ಲ. ನೀವು ಬನ್ನಿ, ಅಳೆಯಿರಿ, ಹೊಡೆಯಿರಿ. ಸಹಿ ಅವನು ಮಾಡ್ತಾನೆ. ಕೂಲಿ ಪೂರ್ತಿ ನಿಮ್ಮದು. ಎಲ್ಲರಿಗೂ ಸಂತೋಷವೇ. ಯಾರು ಕೇಳ್ತಾರೆ ಹೇಳಿ? ಕೇಳಬೇಕಾದೋರಿಗೂ ನಿಮ್ಮ ಮೇಲೆ ಸಿಟ್ಟಿಲ್ಲ."

ಹೆಂಡತಿ ಯಂತ್ರ ನಿಲ್ಲಿಸಿದರು. ಸೂಜಿ ಬಟ್ಟೆಯ ನಡುವೆ ನಿಂತಿತ್ತು. ಆಕೆ ಗಂಡನ ಕಡೆ ನೋಡಲಿಲ್ಲ, ಬಟ್ಟೆಯನ್ನೇ ನೋಡುತ್ತಿದ್ದರು. ಒಪ್ಪಲಿ ಎಂದು ಆಕೆಯ ಮನಸ್ಸು ಬೇಡುತ್ತಿತ್ತು ಎಂದು ಆಮೇಲೆ ನನಗೆ ಹೇಳಿದರು.

ಅಳತೆಯವರು ಸುತ್ತಿಗೆ ಎತ್ತಿಕೊಂಡರು. ತೂಕ ನೋಡಿದರು. ಮುಖದ ಮೇಲೆ ಹೆಬ್ಬೆರಳು ಆಡಿಸಿದರು. ಹಿತ್ತಿಲ ಬಾಗಿಲಿಗೆ ಹೋಗಿ ಹಳೆ ಕೊರಡಿನ ಖಾಲಿ ಜಾಗದಲ್ಲಿ ಒಂದು ಏಟು ಹೊಡೆದು, ಬಗ್ಗಿ ನೋಡಿದರು. ಗೋಡೆಯ ಈಚೆ ಆ ಸದ್ದು ಕೇಳಿ ನಾನು ಮಾಡುತ್ತಿದ್ದ ಕೆಲಸ ಬಿಟ್ಟು ಎದ್ದೆ. ಅವರು ಬಟ್ಟೆ ಹುಡುಕಿ, ಸುತ್ತಿಗೆಯ ಮುಖ ಒರೆಸಿ, ಎಣ್ಣೆ ಸವರಿ, ಒಳಗೆ ತಂದು ಧಣಿಯ ಕೈಗೇ ಕೊಟ್ಟರು.

"ಚೆನ್ನಾಗಿ ಮೂಡುತ್ತೆ. ಎರಡರ ಬಾಲ ಸ್ವಲ್ಪ ತೆಳು, ಅಳಿಯಂದಿರಿಗೆ ಹೇಳಿ, ಎಣ್ಣೆ ತಪ್ಪಿಸಬಾರದು ಅಂತ."

"ಅಂದ್ರೆ ಬರ್ತೀರಿ?"

"ಇಲ್ಲ ಧಣಿ. ಮೂವತ್ತೆರಡು ಅವರ ನಂಬರು, ಅವರೇ ಹೊಡೀಲಿ. ನಾನು ಬರಲ್ಲ."